ಸ್ಪ್ಯಾನಿಷ್ ಜಗತ್ತಿನ ಲೇಖಕರ ಬದುಕು, ಮಕ್ಕಳ ಓದಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಪ್ಟೆಂಬರ್ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ಈ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಶಾಲೆಯಲ್ಲಿ ಹಿಸ್ಪಾನಿಕ್ ಲೇಖಕರೊಬ್ಬರ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಯಾರನ್ನು ಆರಿಸಲಿ, ಯಾವ ಪುಸ್ತಕ ತರಲಿ ಅಂತ. ಬೆಂಗಳೂರು, ಮೈಸೂರಿನಿಂದ ಕೇಳುವವರೂ ಇದ್ದಾರೆ. ಅವರಿಗೆ ಪ್ರಾಜೆಕ್ಟಿನ ಅವಸರ ಇಲ್ಲ, ಮಗುವಿಗೆ ಬೇರೊಂದು ಜಗತ್ತು ತೋರಿಸುವ ಆಸೆ. ಇಬ್ಬರಿಗೂ ನಾನು ಮೊದಲು ಹೇಳುವುದು ಒಂದೇ ಮಾತು: ಪ್ರಶಸ್ತಿಗಳ ಪಟ್ಟಿ ಕೊಡುವ ಪುಸ್ತಕ ಬೇಡ. ಓದು ಬರಹಕ್ಕಾಗಿ ಒಂದು ಮಗು ಏನೇನು ಪಾಡು ಪಟ್ಟಿತು ಅಂತ ಹೇಳುವ ಪುಸ್ತಕ ಹುಡುಕಿ.

ಹಿಸ್ಪಾನಿಕ್ ಲೇಖಕರು ಅಂದರೆ ಯಾರ್ಯಾರು?

ಸ್ಪ್ಯಾನಿಷ್ ಭಾಷೆಯ ನಾಡುಗಳವರು, ಮತ್ತು ಆ ಮೂಲದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಮನೆತನಗಳವರು. ಸ್ಪೇನಿನ ಸೆರ್ವಾಂಟೆಸ್ ಇದರಲ್ಲಿ ಸೇರುತ್ತಾರೆ. ಬ್ರೆಜಿಲ್‌ನವರು ಸಾಮಾನ್ಯವಾಗಿ ಸೇರುವುದಿಲ್ಲ, ಅಲ್ಲಿನ ಭಾಷೆ ಪೋರ್ಚುಗೀಸ್. ಟೆಕ್ಸಸ್‌ನಲ್ಲೋ ಷಿಕಾಗೋದಲ್ಲೋ ಹುಟ್ಟಿ, ಇಂಗ್ಲಿಷಿನಲ್ಲೇ ಬರೆದವರೂ ಸೇರುತ್ತಾರೆ.

ಒಬ್ಬರಿಂದ ಶುರು ಮಾಡಬೇಕು ಅಂದರೆ ಯಾರು?

ಕವಯಿತ್ರಿ ಗಾಬ್ರಿಯೆಲಾ ಮಿಸ್ತ್ರಾಲ್. ಎರಡು ಸಲ ಯೋಚಿಸದೆ ಹೇಳುತ್ತೇನೆ.

ಚಿಲಿ ದೇಶದ ಎಲ್ಕಿ ಕಣಿವೆ. ಸುತ್ತ ಬೆಟ್ಟ, ನಡುವೆ ಚಿಕ್ಕ ಹಳ್ಳಿಗಳು. ಅಲ್ಲಿನ ವಿಕುನ್ಯಾ ಊರಲ್ಲಿ 1889ರಲ್ಲಿ ಹುಟ್ಟಿದ ಹುಡುಗಿಯ ನಿಜವಾದ ಹೆಸರು ಲೂಸಿಲಾ ಗೊದೊಯ್. ಅವಳಿಗೆ ಮೂರು ವರ್ಷವಿದ್ದಾಗ ಅಪ್ಪ ಮನೆ ಬಿಟ್ಟು ಹೋದ. ಅಕ್ಕ ಎಮೆಲಿನಾ ಹಳ್ಳಿಯ ಶಾಲೆಯಲ್ಲಿ ಟೀಚರ್. ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು, ಅವಳ ಹತ್ತಿರವೇ ಲೂಸಿಲಾ ಅಕ್ಷರ ಕಲಿತಳು.

ಮುಂದೆ ವಿಕುನ್ಯಾದ ಶಾಲೆಗೆ ಸೇರಿದಾಗ ಒಂದು ಕೆಟ್ಟ ಘಟನೆ ನಡೆಯಿತು. ಮಕ್ಕಳಿಗೆ ಕಾಗದ ಹಂಚುವ ಕೆಲಸ ಅವಳದಾಗಿತ್ತು. ಮಾತು ಕಮ್ಮಿ, ನಾಚಿಕೆ ಜಾಸ್ತಿ. ಹುಡುಗಿಯರು ಬೇಕಾದಷ್ಟು ಎಳೆದುಕೊಂಡರು, ಅವಳು ಬೇಡ ಅನ್ನಲಿಲ್ಲ. ಕಾಗದ ಖಾಲಿಯಾದಾಗ ಕಳ್ಳಿ ಅನ್ನುವ ಹೆಸರು ಬಂದದ್ದು ಅವಳಿಗೆ. ಸಹಪಾಠಿಗಳು ಬೀದಿಯಲ್ಲಿ ಕಲ್ಲು ಹೊಡೆದರು. ಈ ಗಾಯವನ್ನು ಮಿಸ್ತ್ರಾಲ್ ಕೊನೆಯವರೆಗೂ ಮರೆಯಲಿಲ್ಲ. ಮಕ್ಕಳಿಗೆ ಇದನ್ನು ಓದಿ ಹೇಳುವಾಗ ಕೋಣೆ ನಿಶ್ಶಬ್ದವಾಗುವುದನ್ನು ನೋಡಿದ್ದೇನೆ. ಮಾಡದ ತಪ್ಪಿಗೆ ಬೈಸಿಕೊಳ್ಳದ ಮಗು ಯಾವುದಿದೆ?

ಹದಿನೈದರ ಹೊತ್ತಿಗೆ ಅವಳೇ ಶಾಲೆಯಲ್ಲಿ ಸಹಾಯಕಿಯಾದಳು. ಶಿಕ್ಷಕರ ತರಬೇತಿ ಶಾಲೆಗೆ ಅರ್ಜಿ ಹಾಕಿದರೆ ಅವರು ಸೇರಿಸಿಕೊಳ್ಳಲಿಲ್ಲ. ಪತ್ರಿಕೆಯಲ್ಲಿ ಬಂದಿದ್ದ ಅವಳ ಬರಹಗಳು ಧರ್ಮಕ್ಕೆ ಒಪ್ಪುವಂಥವಲ್ಲ ಅನ್ನುವುದು ಕಾರಣ. ಪಾಠ ಮಾಡುತ್ತಲೇ ತಾನಾಗಿ ಓದಿಕೊಂಡು, 1910ರಲ್ಲಿ ಸಾಂಟಿಯಾಗೊದಲ್ಲಿ ಪರೀಕ್ಷೆ ಪಾಸು ಮಾಡಿದಳು. 1922ರಲ್ಲಿ ಮೆಕ್ಸಿಕೋ ಸರ್ಕಾರ ತನ್ನ ಶಾಲೆ, ಗ್ರಂಥಾಲಯಗಳ ಸುಧಾರಣೆಗೆ ನೆರವಾಗಿ ಅಂತ ಅವರನ್ನು ಕರೆಸಿಕೊಂಡಿತು. ಅದೇ ವರ್ಷ ಮೊದಲ ಕವನ ಸಂಕಲನ ನ್ಯೂಯಾರ್ಕಿನಲ್ಲಿ ಅಚ್ಚಾಯಿತು. 1945ರಲ್ಲಿ ನೊಬೆಲ್ ಬಂತು, ಸಾಹಿತ್ಯದಲ್ಲಿ ಲ್ಯಾಟಿನ್ ಅಮೆರಿಕಕ್ಕೆ ಸಿಕ್ಕ ಮೊದಲ ನೊಬೆಲ್. 1957ರಲ್ಲಿ ತೀರಿಕೊಂಡಾಗ ದಕ್ಷಿಣ ಅಮೆರಿಕದಲ್ಲಿ ಮಾರಾಟವಾಗುವ ತಮ್ಮ ಪುಸ್ತಕಗಳ ಹಣವನ್ನು ತಾವು ಬೆಳೆದ ಮೊಂಟೆಗ್ರಾಂದೆ ಹಳ್ಳಿಯ ಮಕ್ಕಳ ಹೆಸರಿಗೆ ಬರೆದಿಟ್ಟಿದ್ದರು. ಇಂದು ಚಿಲಿಯ 5000 ಪೆಸೊ ನೋಟಿನ ಮೇಲೆ ಅವರ ಮುಖವಿದೆ.

ಕಾಗದ ಕದ್ದ ಆರೋಪ ಹೊತ್ತ ಹುಡುಗಿಯ ಮುಖ ನೋಟಿನ ಮೇಲೆ! ಮಕ್ಕಳು ಇದನ್ನು ತಾವೇ ಕಂಡುಹಿಡಿದು ಹೇಳಲಿ, ನೀವು ಮೊದಲೇ ಹೇಳಿಬಿಡಬೇಡಿ.

ಮಗಳಿಗೆ ಏಳು ವರ್ಷ. ಚಿತ್ರಪುಸ್ತಕಗಳು ಇವೆಯಾ?

ಒಳ್ಳೆಯವೇ ಇವೆ. ಮೋನಿಕಾ ಬ್ರೌನ್ ಅವರು ಮಿಸ್ತ್ರಾಲ್, ಕೊಲಂಬಿಯಾದ ಕಾದಂಬರಿಕಾರ ಮಾರ್ಕ್ವೆಜ್ (ಬಾಲ್ಯದ ಹೆಸರು ಗಾಬಿತೊ), ಚಿಲಿಯ ಕವಿ ನೆರೂಡಾ ಮೂವರ ಬಗ್ಗೆಯೂ ಚಿತ್ರಪುಸ್ತಕ ಮಾಡಿದ್ದಾರೆ. ‘ಮೈ ನೇಮ್ ಈಸ್ ಗಾಬ್ರಿಯೆಲಾ’, ‘ಮೈ ನೇಮ್ ಈಸ್ ಗಾಬಿತೊ’ ಎರಡರಲ್ಲೂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಪಠ್ಯ ಜೊತೆಜೊತೆಗೇ ಇರುತ್ತದೆ. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವ ಮಗುವಿಗೆ ಇದು ಡಬಲ್ ಲಾಭ. ಪೋರ್ಟೊ ರಿಕೊದ ಜಾರ್ಜಿನಾ ಲಾಸರೊ ಅವರು ಲೇಖಕರ ಬಾಲ್ಯವನ್ನೇ ಪದ್ಯದಲ್ಲಿ ಹೇಳುವ ಪುಸ್ತಕಗಳನ್ನು ಸ್ಪ್ಯಾನಿಷ್‌ನಲ್ಲಿ ಬರೆದಿದ್ದಾರೆ.

ನಮ್ಮಲ್ಲಿ ‘ಭಾರತ ಭಾರತಿ’ಯ ಪುಟ್ಟ ಪುಸ್ತಕಗಳನ್ನು ಓದಿ ಬೆಳೆದವರಿಗೆ ಒಂದು ವ್ಯತ್ಯಾಸ ಕಾಣುತ್ತದೆ. ಅವು ಹುಟ್ಟಿನಿಂದ ಸಾವಿನವರೆಗೆ ಪೂರ್ತಿ ಬದುಕು ಹೇಳುತ್ತಿದ್ದವು. ಈ ಚಿತ್ರಪುಸ್ತಕಗಳು ಹೆಚ್ಚಾಗಿ ಬಾಲ್ಯದ ಒಂದೆರಡು ಘಟನೆ ಹಿಡಿದು ನಿಂತುಬಿಡುತ್ತವೆ. ಉಳಿದದ್ದು ಕೊನೆಯ ಪುಟದ ಟಿಪ್ಪಣಿಯಲ್ಲಿ ಇರುತ್ತದೆ. ಅದನ್ನು ನೀವು ಓದಿಕೊಂಡು ಮಗುವಿಗೆ ಬಾಯಲ್ಲಿ ಹೇಳಿ.

17ನೇ ಶತಮಾನದ ಸನ್ಯಾಸಿನಿಯ ಕಥೆ ಈಗಿನ ಮಕ್ಕಳಿಗೆ ಹಿಡಿಸುತ್ತದಾ?

ಸೋರ್ ಹುವಾನಾ ಇನೆಸ್ ಬಗ್ಗೆ ಕೇಳುತ್ತಿದ್ದೀರಿ ಅಲ್ವಾ? ಎಲ್ಲರಿಗಿಂತ ಬೇಗ ಹಿಡಿಸುವುದು ಇವರೇ.

ಮೆಕ್ಸಿಕೋ ಆಗ ಸ್ಪೇನಿನ ಆಳ್ವಿಕೆಯಲ್ಲಿತ್ತು. ನೆಪಾಂಟ್ಲಾ ಅನ್ನುವ ಹಳ್ಳಿಯ ಮೂರು ವರ್ಷದ ಹುಡುಗಿ ಅಕ್ಕನ ಹಿಂದೆಯೇ ಶಾಲೆಗೆ ಹೋದಳು. ನನಗೂ ಕಲಿಸಬೇಕಂತೆ, ಅಮ್ಮ ಹೇಳಿದ್ದಾಳೆ ಅಂತ ಟೀಚರಿಗೆ ಸುಳ್ಳು ಹೇಳಿದಳು. ಟೀಚರ್ ನಂಬಲಿಲ್ಲ, ಆದರೂ ತಮಾಷೆಗೆ ಅಂತ ಕಲಿಸಿದರು. ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ಓದು ಬಂದಿತ್ತು. ಚೀಸ್ ತಿಂದರೆ ದಡ್ಡರಾಗುತ್ತಾರೆ ಅಂತ ಯಾರೋ ಹೇಳಿದ್ದಕ್ಕೆ ಇಷ್ಟವಿದ್ದ ಚೀಸನ್ನೇ ಬಿಟ್ಟಳು. ಮೆಕ್ಸಿಕೋ ನಗರದಲ್ಲಿ ವಿಶ್ವವಿದ್ಯಾಲಯ ಇದೆ ಅಂತ ಕೇಳಿ, ಹುಡುಗನ ಬಟ್ಟೆ ಹಾಕಿ ಕಳಿಸು ಅಂತ ಅಮ್ಮನ ಬೆನ್ನು ಹತ್ತಿದಳು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಅಮ್ಮ ಕಳಿಸಲಿಲ್ಲ. ಹುಡುಗಿ ತಾತನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದಳು. ಲ್ಯಾಟಿನ್ ವ್ಯಾಕರಣ ಕಲಿಯುವಾಗ ತನ್ನ ಕೂದಲು ತಾನೇ ಕತ್ತರಿಸಿಕೊಂಡು, ಇಷ್ಟುದ್ದ ಬೆಳೆಯುವುದರೊಳಗೆ ಇಷ್ಟು ಪಾಠ ಬರಬೇಕು ಅಂತ ಗಡುವು ಹಾಕಿಕೊಳ್ಳುತ್ತಿದ್ದಳು. ಬರದಿದ್ದರೆ ಮತ್ತೆ ಕತ್ತರಿ.

ಇವೆಲ್ಲ ಯಾರೋ ಕಟ್ಟಿದ ಕಥೆ ಅಲ್ಲ. ಲೌಕಿಕ ವಿದ್ಯೆ ಕಡಿಮೆ ಮಾಡಿ ಧರ್ಮಗ್ರಂಥಗಳ ಕಡೆ ಗಮನ ಕೊಡಬೇಕು ಅಂತ ಬಿಷಪ್ ಒಬ್ಬರು ಆಕ್ಷೇಪ ಎತ್ತಿದಾಗ, 1691ರಲ್ಲಿ ಆಕೆಯೇ ಬರೆದ ಉತ್ತರದಲ್ಲಿ ಇರುವ ಮಾತುಗಳು. ಓದುವುದಕ್ಕೆ ಬಿಡುವು ಸಿಗಲಿ ಅಂತಲೇ ಮದುವೆ ಬೇಡವೆಂದು ಮಠ ಸೇರಿದವರು ಅವರು. ಕೊನೆಗೆ ಒತ್ತಡ ಹೆಚ್ಚಿ ತಮ್ಮ ಪುಸ್ತಕಗಳನ್ನು ಬಿಟ್ಟುಕೊಟ್ಟರು. 1695ರಲ್ಲಿ ಮಠದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಉಳಿದವರ ಸೇವೆ ಮಾಡುತ್ತಾ ತೀರಿಕೊಂಡರು. ಪ್ಯಾಟ್ ಮೋರಾ ಬರೆದ ‘ಎ ಲೈಬ್ರರಿ ಫಾರ್ ಹುವಾನಾ’ ಚಿಕ್ಕವರಿಗೆ ಚೆನ್ನಾಗಿದೆ. ಹದಿಮೂರು ದಾಟಿದವರಾದರೆ ಆ 1691ರ ಪತ್ರದ ಭಾಗಗಳನ್ನೇ ಓದಿಸಿ.

ಕಥೆಯಂತೆ ಬರೆದ ಜೀವನಚರಿತ್ರೆಯನ್ನು ನಿಜ ಅಂತ ನಂಬಬಹುದಾ?

ಪೂರ್ತಿ ಅಲ್ಲ, ಮತ್ತು ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ಯಾಮ್ ಮುನ್ಯೋಸ್ ರಯಾನ್ ಬರೆದ ‘ದ ಡ್ರೀಮರ್’ ನೆರೂಡಾ ಬಾಲ್ಯದ ಬಗ್ಗೆ. ತುಂಬಾ ಸೊಗಸಾದ ಪುಸ್ತಕ. ನೆರೂಡಾ ಹಸಿರು ಶಾಯಿಯಲ್ಲಿ ಬರೆಯುತ್ತಿದ್ದರು ಅಂತ ಪುಸ್ತಕವನ್ನೂ ಹಸಿರು ಶಾಯಿಯಲ್ಲೇ ಅಚ್ಚು ಹಾಕಿದ್ದಾರೆ. ಆದರೆ ಅದು ಕಾದಂಬರಿ. ಮಾತುಕತೆಗಳು ಲೇಖಕಿಯ ಕಲ್ಪನೆ. ರೈಲ್ವೆ ಕೆಲಸದ ಅಪ್ಪನಿಗೆ ಮಗನ ಕವಿತೆ ಇಷ್ಟವಿರಲಿಲ್ಲ ಅನ್ನುವುದು ನಿಜ. ನೆಫ್ತಾಲಿ ರೆಯೆಸ್ ಅನ್ನುವ ಹುಡುಗ 1920ರಲ್ಲಿ ಪಾಬ್ಲೊ ನೆರೂಡಾ ಅಂತ ಹೆಸರು ಬದಲಿಸಿಕೊಂಡದ್ದು ನಿಜ.

ನೆರೂಡಾ ತಾವೇ ಬರೆದುಕೊಂಡ ಒಂದು ಬಾಲ್ಯದ ಘಟನೆ ನನಗೆ ಬಹಳ ಪ್ರೀತಿ. ಹಿತ್ತಲ ಬೇಲಿಯಲ್ಲಿ ಒಂದು ಕಿಂಡಿ. ಆಚೆ ಕಡೆಯಿಂದ ಚಿಕ್ಕದೊಂದು ಕೈ ಬಂತು, ಮಾಸಿದ ಆಟಿಕೆ ಕುರಿಯೊಂದನ್ನು ಇಟ್ಟು ಮಾಯವಾಯಿತು. ಹುಡುಗ ಒಳಗೆ ಓಡಿ, ತನ್ನ ಅಚ್ಚುಮೆಚ್ಚಿನ ಪೈನ್ ಮರದ ಕಾಯಿ ತಂದು ಅದೇ ಜಾಗದಲ್ಲಿ ಇಟ್ಟ. ಆ ಇನ್ನೊಂದು ಮಗುವನ್ನು ಅವರು ಮತ್ತೆ ನೋಡಲೇ ಇಲ್ಲ.

ಪರೀಕ್ಷಿಸುವ ದಾರಿ ಸುಲಭ. ಕೊನೆಯಲ್ಲಿ ಲೇಖಕರ ಟಿಪ್ಪಣಿ ಇದೆಯಾ ನೋಡಿ. ಯಾವುದು ದಾಖಲೆ, ಯಾವುದು ಕಲ್ಪನೆ ಅಂತ ಅಲ್ಲಿ ಹೇಳಿದ್ದರೆ ನಂಬಿಕೆಗೆ ಅರ್ಹ. ಪುಟದ ತುಂಬ ಸಂಭಾಷಣೆ ಇದ್ದು ಟಿಪ್ಪಣಿಯೇ ಇಲ್ಲದಿದ್ದರೆ, ಕಥೆ ಅಂತ ಓದಿ ಖುಷಿಪಡಿ. ಪ್ರಾಜೆಕ್ಟಿಗೆ ಅದರಿಂದ ಎತ್ತಬೇಡಿ.

ಗುಲಾಮಗಿರಿ, ಹಿಂಸೆ ಇರುವ ಬದುಕನ್ನು ಮಕ್ಕಳಿಗೆ ಓದಿಸಬೇಕಾ?

ವಯಸ್ಸು ನೋಡಿ, ಓದಿಸಬೇಕು ಅಂತಲೇ ನನ್ನ ಅಭಿಪ್ರಾಯ. ಕ್ಯೂಬಾದ ಹುವಾನ್ ಫ್ರಾನ್ಸಿಸ್ಕೊ ಮಾನ್ಸಾನೊ ಗುಲಾಮರಾಗಿ ಹುಟ್ಟಿದವರು. ಬರೆಯಲು ಕಲಿಯುವುದಕ್ಕೆ ಅನುಮತಿಯೇ ಇರಲಿಲ್ಲ. ಒಡೆಯ ಬರೆದು ಬಿಸಾಡಿದ ಕಾಗದದ ಚೂರುಗಳನ್ನು ಆಯ್ದು, ಆ ಅಕ್ಷರಗಳನ್ನೇ ತಿದ್ದಿ ತಿದ್ದಿ ಬರಹ ಕಲಿತರು. ಹವಾನಾದ ಸಾಹಿತಿಗಳು ಹಣ ಕೂಡಿಸಿ 1836ರಲ್ಲಿ ಅವರನ್ನು ಬಿಡಿಸಿದರು. ಅವರ ಆತ್ಮಕಥೆ 1840ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಬಂತು. ಮೂಲ ಸ್ಪ್ಯಾನಿಷ್‌ನಲ್ಲಿ ಅಚ್ಚಾಗಲು 1937ರವರೆಗೆ ಕಾಯಬೇಕಾಯಿತು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಯಾದದ್ದೇ 1886ರಲ್ಲಿ.

ಮಾರ್ಗರಿಟಾ ಎಂಗಲ್ ಈ ಬದುಕನ್ನು ಪದ್ಯರೂಪದಲ್ಲಿ ಹೇಳಿದ್ದಾರೆ, ‘ದ ಪೊಯೆಟ್ ಸ್ಲೇವ್ ಆಫ್ ಕ್ಯೂಬಾ’ ಅಂತ. ಮಾನ್ಸಾನೊ, ಅವರ ಅಮ್ಮ, ಹಿಂಸೆ ಕೊಟ್ಟ ಒಡತಿ, ಎಲ್ಲರೂ ತಮ್ಮ ತಮ್ಮ ದನಿಯಲ್ಲಿ ಮಾತಾಡುತ್ತಾರೆ. ಹೊಡೆತ ಬಡಿತದ ವಿವರ ಇದೆ. ಹನ್ನೆರಡು ಹದಿಮೂರಕ್ಕೆ ಮೊದಲು ಬೇಡ, ಮತ್ತು ಮಗು ಒಂಟಿಯಾಗಿ ಓದುವುದು ಬೇಡ. ನೀವೂ ಜೊತೆಗೆ ಓದಿ.

ನೆರೂಡಾ ಬಗ್ಗೆ ಕೆಟ್ಟ ವಿಷಯವೂ ಕೇಳಿದ್ದೇನೆ. ಮಕ್ಕಳಿಗೆ ಹೇಳಬೇಕಾ?

ಕೇಳಿದ್ದು ಸರಿ. ಯುವಕನಾಗಿ ಸಿಲೋನಿನಲ್ಲಿ ರಾಯಭಾರ ಕೆಲಸದಲ್ಲಿದ್ದಾಗ, ಶೌಚಾಲಯ ಶುಚಿ ಮಾಡಲು ಬರುತ್ತಿದ್ದ ತಮಿಳು ಹೆಣ್ಣುಮಗಳೊಬ್ಬಳ ಮೇಲೆ ನಡೆಸಿದ ಅತ್ಯಾಚಾರವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 2018ರಲ್ಲಿ ಸಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ನೆರೂಡಾ ಹೆಸರಿಡುವ ಮಾತು ಬಂದಾಗ ಚಿಲಿಯ ಮಹಿಳೆಯರು ಇದೇ ಕಾರಣಕ್ಕೆ ಪ್ರತಿಭಟಿಸಿದರು.

ಎಂಟು ವರ್ಷದ ಮಗುವಿಗೆ ಬಾಲ್ಯದ ಕಥೆ ಸಾಕು. ಹೈಸ್ಕೂಲಿನವರಿಗೆ ಮುಚ್ಚಿಡಬೇಡಿ, ಇಂಟರ್ನೆಟ್‌ನಲ್ಲಿ ಹೇಗೂ ಸಿಗುತ್ತದೆ. ನೀವೇ ಹೇಳಿದರೆ ಆ ಹೆಣ್ಣುಮಗಳ ಕಡೆಯಿಂದಲೂ ಯೋಚಿಸಲು ಅವರಿಗೆ ಅವಕಾಶವಾಗುತ್ತದೆ. ಅವಳ ಹೆಸರು ಕೂಡ ಆ ಪುಸ್ತಕದಲ್ಲಿ ಇಲ್ಲ. ಅಂದಹಾಗೆ, ಹದಿಹರೆಯದ ನೆರೂಡಾಗೆ ರಷ್ಯನ್ ಕಾದಂಬರಿಗಳನ್ನು ಓದಲು ಕೊಟ್ಟವರು ತೆಮುಕೊ ಊರಿನ ಹೆಣ್ಣುಮಕ್ಕಳ ಶಾಲೆಗೆ ಮುಖ್ಯಸ್ಥೆಯಾಗಿ ಬಂದಿದ್ದ ಮಿಸ್ತ್ರಾಲ್. ಮುಂದೆ ಇಬ್ಬರಿಗೂ ನೊಬೆಲ್ ಬಂತು, ನೆರೂಡಾಗೆ 1971ರಲ್ಲಿ.

ಮಾರ್ಕ್ವೆಜ್ ದೊಡ್ಡವರ ಲೇಖಕ ಅಲ್ವಾ? ಮಕ್ಕಳಿಗೆ ಏನಿದೆ?

ಕಾದಂಬರಿಗಳು ದೊಡ್ಡವರಿಗೆ, ಸರಿ. ಬಾಲ್ಯ ಮಾತ್ರ ಮಕ್ಕಳಿಗೇ ಹೇಳಿಮಾಡಿಸಿದ ಹಾಗಿದೆ. 1927ರಲ್ಲಿ ಕೊಲಂಬಿಯಾದ ಅರಕಟಾಕಾ ಊರಲ್ಲಿ ಹುಟ್ಟಿದ ಗಾಬಿತೊ ಬೆಳೆದದ್ದು ಅಮ್ಮನ ತವರಲ್ಲಿ. ತಾತ ಹಳೇ ಸೈನಿಕ. ಮೊಮ್ಮಗನ ಕೈಗೆ ನಿಘಂಟು ಕೊಟ್ಟವರು, ಬಾಳೆಹಣ್ಣಿನ ಕಂಪನಿಯ ಅಂಗಡಿಗೆ ಕರೆದುಕೊಂಡು ಹೋಗಿ ಮೊದಲ ಸಲ ಐಸ್ ಮುಟ್ಟಿಸಿದವರು ಅವರೇ. ಬಿಸಿಲ ನಾಡಿನ ಹುಡುಗನಿಗೆ ಅದು ಸುಟ್ಟಂತಾಯಿತಂತೆ! ಅಜ್ಜಿ ದೆವ್ವಗಳ ಕಥೆಯನ್ನು, ಈಗಷ್ಟೇ ಪಕ್ಕದ ಕೋಣೆಯಲ್ಲಿ ನಡೆದ ಸಂಗತಿ ಅನ್ನುವ ಹಾಗೆ ಸಲೀಸಾಗಿ ಹೇಳುತ್ತಿದ್ದರು. 1967ರ ‘ನೂರು ವರ್ಷಗಳ ಏಕಾಂತ’ದ ಮೊದಲ ವಾಕ್ಯದಲ್ಲೇ ಆ ಐಸ್ ಇದೆ, ಪುಸ್ತಕದ ತುಂಬ ಅಜ್ಜಿಯ ದನಿ ಇದೆ. ಕಾದಂಬರಿಯ ಕನ್ನಡ ಅನುವಾದವೂ ಬಂದಿದೆ, ಕಾಲೇಜಿಗೆ ಹೋಗುವ ಹೊತ್ತಿಗೆ ಓದಲಿ.

1928ರಲ್ಲಿ ಹತ್ತಿರದ ಸಿಯೆನಾಗಾದಲ್ಲಿ ಮುಷ್ಕರ ಹೂಡಿದ್ದ ಬಾಳೆ ತೋಟದ ಕೆಲಸಗಾರರ ಮೇಲೆ ಸೈನ್ಯ ಗುಂಡು ಹಾರಿಸಿತು. ಚಿತ್ರಪುಸ್ತಕಗಳಲ್ಲಿ ಇದಕ್ಕೆ ಹೆಚ್ಚು ಜಾಗ ಸಿಗುವುದಿಲ್ಲ. ಐಸ್ ತೋರಿಸಿದ ಕಂಪನಿಯೂ ಆ ತೋಟಗಳ ಕಂಪನಿಯೂ ಒಂದೇ ಅಂತ ದೊಡ್ಡ ಮಕ್ಕಳಿಗೆ ಹೇಳಲೇಬೇಕು.

ಅಮೆರಿಕದಲ್ಲೇ ಬೆಳೆದ ಲೇಖಕರು ಯಾರಿದ್ದಾರೆ?

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಅನ್ನುವ ಕನ್ನಡದ ಮಕ್ಕಳಿಗೆ ಇವರು ಇನ್ನೂ ಹತ್ತಿರ. ತೊಮಾಸ್ ರಿವೆರಾ 1935ರಲ್ಲಿ ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ಹುಟ್ಟಿದರು. ಮನೆಯವರೆಲ್ಲ ಹೊಲದ ಕೂಲಿ. ಬೆಳೆ ಎಲ್ಲಿದೆಯೋ ಅಲ್ಲಿಗೆ, ಐಯೋವಾವರೆಗೂ ಗುಳೆ ಹೋಗುತ್ತಿದ್ದರು. ಅಲ್ಲಿನ ಲೈಬ್ರರಿಯ ಹೆಂಗಸೊಬ್ಬರು ಈ ಹುಡುಗನಿಗೆ ಓದಲು ಪುಸ್ತಕ ಕೊಡುತ್ತಿದ್ದರು. ಮುಂದೆ ರಿವೆರಾ ಕಾದಂಬರಿಕಾರರಾದರು, 1979ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಮುಖ್ಯಸ್ಥರಾದರು. ಅಲ್ಲಿನ ಗ್ರಂಥಾಲಯಕ್ಕೆ ಈಗ ಅವರದೇ ಹೆಸರು. ‘ತೊಮಾಸ್ ಅಂಡ್ ದ ಲೈಬ್ರರಿ ಲೇಡಿ’ ಈ ಬಾಲ್ಯದ ಕಥೆ. ಐದಾರು ವರ್ಷದವರಿಗೂ ಓದಿ ಹೇಳಬಹುದು.

ಪೂರಾ ಬೆಲ್ಪ್ರೆ ಪೋರ್ಟೊ ರಿಕೊದಿಂದ ಅಕ್ಕನ ಮದುವೆಗೆಂದು ನ್ಯೂಯಾರ್ಕಿಗೆ ಬಂದವರು, ಅಲ್ಲೇ ಉಳಿದರು. 1921ರಲ್ಲಿ ಹಾರ್ಲೆಮ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಕಪಾಟಿನಲ್ಲಿ ತಮ್ಮ ಅಜ್ಜಿ ಹೇಳುತ್ತಿದ್ದ ಒಂದು ಕಥೆಯೂ ಇರಲಿಲ್ಲ. ತಾವೇ ಹೇಳಲು ಶುರು ಮಾಡಿದರು, ಬೊಂಬೆ ಮಾಡಿ ಆಡಿಸಿದರು. ಜಿರಲೆ ಹೆಣ್ಣು ಮಾರ್ಟಿನಾ, ಇಲಿ ಗಂಡು ಪೆರೆಸ್ ಇವರ ಕಥೆ 1932ರಲ್ಲಿ ಪುಸ್ತಕವಾಯಿತು. ‘ಪ್ಲಾಂಟಿಂಗ್ ಸ್ಟೋರೀಸ್’ ಇವರ ಬಗ್ಗೆ ಬಂದಿರುವ ಚಂದದ ಚಿತ್ರಪುಸ್ತಕ. ಲ್ಯಾಟಿನೊ ಬದುಕಿನ ಮಕ್ಕಳ ಪುಸ್ತಕಗಳಿಗೆ 1996ರಿಂದ ಕೊಡುತ್ತಿರುವ ಪೂರಾ ಬೆಲ್ಪ್ರೆ ಪ್ರಶಸ್ತಿಯೂ ಇವರ ಹೆಸರಿನದೇ. ಪುಸ್ತಕ ಆರಿಸಲು ಗೊತ್ತಾಗದಿದ್ದರೆ ಆ ಪ್ರಶಸ್ತಿಯ ಪಟ್ಟಿ ಹಿಡಿದು ಲೈಬ್ರರಿಗೆ ಹೋಗಿ.

2015ರಲ್ಲಿ ಅಮೆರಿಕದ ರಾಷ್ಟ್ರಕವಿಯಾದ ಮೊದಲ ಲ್ಯಾಟಿನೊ ಹುವಾನ್ ಫೆಲಿಪೆ ಹೆರೇರಾ ಕೂಡ ಹೊಲದ ಕೂಲಿಗಳ ಮಗ. ತಮ್ಮ ಬಾಲ್ಯವನ್ನು ‘ಇಮ್ಯಾಜಿನ್’ ಅನ್ನುವ ಚಿತ್ರಪುಸ್ತಕದಲ್ಲಿ ತಾವೇ ಹೇಳಿದ್ದಾರೆ.

ಪ್ರಾಜೆಕ್ಟಿಗೆ ವೇಷ ಹಾಕಿ ಮಾತಾಡಬೇಕಂತೆ. ಏನು ಮಾಡಲಿ?

ಹಿಸ್ಪಾನಿಕ್ ಹೆರಿಟೇಜ್ ತಿಂಗಳು ಸೆಪ್ಟೆಂಬರ್ 15ಕ್ಕೆ ಶುರುವಾಗಿ ಅಕ್ಟೋಬರ್ 15ರವರೆಗೆ ಇರುತ್ತದೆ. ಗ್ವಾಟೆಮಾಲಾ, ಕೋಸ್ಟರಿಕಾ ಮೊದಲಾದ ಐದು ದೇಶಗಳ ಸ್ವಾತಂತ್ರ್ಯದ ದಿನ ಸೆಪ್ಟೆಂಬರ್ 15. ಆ ತಿಂಗಳಲ್ಲಿ ಲೈಬ್ರರಿಯ ಪುಸ್ತಕಗಳು ಬೇಗ ಖಾಲಿಯಾಗುತ್ತವೆ, ಆಗಸ್ಟಿನಲ್ಲೇ ಕಾದಿರಿಸಿ.

ದಯವಿಟ್ಟು ಎಲ್ಲರಿಗೂ ದೊಡ್ಡ ಮೆಕ್ಸಿಕನ್ ಟೋಪಿ ಹಾಕಿಸಬೇಡಿ. ಚಿಲಿಯ ಟೀಚರ್‌ಗೂ ಆ ಟೋಪಿಗೂ ಸಂಬಂಧ ಇಲ್ಲ. ಮಿಸ್ತ್ರಾಲ್ ಆದರೆ ಕೈಯಲ್ಲಿ ಸೀಮೆಸುಣ್ಣ, ನೋಟ್‌ಬುಕ್ ಸಾಕು. ಬೆಲ್ಪ್ರೆ ಆದರೆ ಜಿರಲೆ, ಇಲಿಯ ಕೈಬೊಂಬೆ. ನೆರೂಡಾ ಆದರೆ ಹಸಿರು ಪೆನ್ನು, ಪೈನ್ ಕಾಯಿ. ಸೋರ್ ಹುವಾನಾ ಚಿತ್ರಗಳಲ್ಲಿ ಎದೆಯ ಮೇಲೆ ಅಗಲವಾದ ಚಿತ್ರಪದಕ, ಹಿಂದೆ ಪುಸ್ತಕಗಳ ಸಾಲು ಇರುತ್ತದೆ. ರಟ್ಟಿನಲ್ಲಿ ಸುಲಭವಾಗಿ ಮಾಡಬಹುದು. ಮಾತು ಹುಟ್ಟಿದ ದಿನಾಂಕದಿಂದ ಶುರುವಾಗುವುದು ಬೇಡ. ಚೀಸ್ ಬಿಟ್ಟ ಕಥೆಯಿಂದ ಶುರುವಾಗಲಿ.

ಹೆಸರುಗಳು ಉದ್ದ. ಲೈಬ್ರರಿಯಲ್ಲಿ ಹೇಗೆ ಹುಡುಕುವುದು?

ಸ್ಪ್ಯಾನಿಷ್ ಹೆಸರಲ್ಲಿ ಸಾಮಾನ್ಯವಾಗಿ ಅಪ್ಪನ ಮನೆಹೆಸರು ಮೊದಲು, ಅಮ್ಮನದು ಆಮೇಲೆ. ಹಾಗಾಗಿ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಪುಸ್ತಕಗಳು ‘ಗಾರ್ಸಿಯಾ’ ಅಡಿಯಲ್ಲಿ ಸಿಗುತ್ತವೆ.

ಭಾರತದ ಜೊತೆ ಏನಾದರೂ ನಂಟು ಇದೆಯಾ?

ಇದೆ, ಟ್ಯಾಗೋರ್ ಮೂಲಕ. ಸ್ಪೇನಿನ ಸೆನೋಬಿಯಾ ಕಾಂಪ್ರುಬಿ ಮತ್ತು ಅವರ ಪತಿ, ಕವಿ ಹುವಾನ್ ರಾಮೋನ್ ಹಿಮೆನೆಸ್ ಸೇರಿ ಟ್ಯಾಗೋರರ ಮಕ್ಕಳ ಕವಿತೆಗಳನ್ನು 1915ರಲ್ಲೇ ಸ್ಪ್ಯಾನಿಷ್‌ಗೆ ತಂದರು. ಮಿಸ್ತ್ರಾಲ್ ತಮ್ಮ ಮೊದಲ ಸಂಕಲನದಲ್ಲೇ ಟ್ಯಾಗೋರರ ಕವಿತೆಗಳಿಗೆ ಸ್ಪಂದಿಸಿ ಗದ್ಯ ಬರೆದಿದ್ದಾರೆ. 1924ರಲ್ಲಿ ಟ್ಯಾಗೋರ್ ಕಾಯಿಲೆಯಿಂದ ಅರ್ಜೆಂಟೀನಾದಲ್ಲಿ ಉಳಿಯಬೇಕಾದಾಗ ನೋಡಿಕೊಂಡವರು ಲೇಖಕಿ ವಿಕ್ಟೋರಿಯಾ ಒಕಾಂಪೊ. ‘ಪೂರಬಿ’ ಸಂಕಲನವನ್ನು ಟ್ಯಾಗೋರ್ ಆಕೆಗೆ ಅರ್ಪಿಸಿದರು, ವಿಜಯಾ ಅನ್ನುವ ಹೆಸರಲ್ಲಿ.

ಜೀವನಚರಿತ್ರೆ ಓದಿ ಆಯಿತು. ಮುಂದೇನು?

ಅದೇ ವಾರ ಆ ಲೇಖಕರದೇ ಏನಾದರೂ ಓದಿಸಿ. ಇದನ್ನು ತಪ್ಪಿಸಬೇಡಿ. ಬದುಕು ಗೊತ್ತು, ಬರಹ ಗೊತ್ತಿಲ್ಲ ಅಂತಾದರೆ ನಷ್ಟ ಮಗುವಿಗೆ. ಮಿಸ್ತ್ರಾಲ್ ಅವರದು ಚಳಿಗೆ ನೀಲಿಗಟ್ಟಿದ ಬರಿಗಾಲಿನ ಬಡ ಮಗುವಿನ ಬಗ್ಗೆ ಒಂದು ಪುಟ್ಟ ಕವಿತೆ ಇದೆ. ನೆರೂಡಾ ಈರುಳ್ಳಿಯ ಮೇಲೆ, ಕಾಲುಚೀಲದ ಮೇಲೆ ಕವಿತೆ ಕಟ್ಟಿದ್ದಾರೆ, ಹತ್ತು ವರ್ಷದವರಿಗೂ ಅರ್ಥವಾಗುತ್ತವೆ. ಷಿಕಾಗೋದಲ್ಲಿ ಬೆಳೆದ ಸಾಂಡ್ರಾ ಸಿಸ್ನೆರೋಸ್ ಅವರ ‘ಇಲೆವೆನ್’ ಕಥೆಯಲ್ಲಿ, ತನ್ನದಲ್ಲದ ಕೆಂಪು ಸ್ವೆಟರ್ ನಿನ್ನದೇ ಅಂತ ಟೀಚರ್ ಹುಟ್ಟುಹಬ್ಬದ ದಿನವೇ ಒಬ್ಬ ಹುಡುಗಿಯ ಮೇಲೆ ಹೇರುತ್ತಾರೆ. ಮಿಸ್ತ್ರಾಲ್ ಅವರ ಕಾಗದದ ಘಟನೆ ಹೇಳಿದ ಮೇಲೆ ಇದನ್ನು ಓದಿ. ಮಾರ್ಕ್ವೆಜ್ ಬರೆದ ‘ಬೆಳಕು ನೀರಿನಂತೆ’ ಕಥೆಯಲ್ಲಿ ಅಣ್ಣ ತಮ್ಮ ಬಲ್ಬ್ ಒಡೆದು, ಮನೆ ತುಂಬ ಹರಿದ ಬೆಳಕಿನಲ್ಲಿ ದೋಣಿ ನಡೆಸುತ್ತಾರೆ. ಕೊನೆಯಲ್ಲಿ ಮಕ್ಕಳ ಸಾವಿದೆ, ಆದ್ದರಿಂದ ಮೊದಲು ನೀವು ಓದಿ ನೋಡಿ, ಆಮೇಲೆ ಕೊಡಿ.